ರವಿಕೆ ಕಣದ ಚೀಲ

ನಮ್ಮ ಜಯನಗರದ ಬೀದಿಯಲ್ಲಿ ರವಿಕೆ ಕಣವನ್ನು ಯಾರೂ ಹೊಲಿಸುತ್ತಿರಲಿಲ್ಲ. ಅದು ಹೊಲಿಸುವುದಕ್ಕೆಂದು ಇರುವ ವಸ್ತುವೇ ಅಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಗೌರಿ ಹಬ್ಬಕ್ಕೆ, ವರಮಹಾಲಕ್ಷ್ಮಿಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಹೋದ ಹೆಂಗಸರ ಕೈಗೆ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆಗೆ ಒಂದು ಕಣ ಬರುತ್ತಿತ್ತು. ಮನೆಗೆ ಬಂದ ಕೂಡಲೇ ಅಮ್ಮ ಅದನ್ನು ಬಿಡಿಸಿ ಬೆಳಕಿಗೆ ಹಿಡಿದು, ಇದೇನು ಸೊಳ್ಳೆಪರದೆಯೇ ಎಂದು ಕೊಟ್ಟವರನ್ನು ಬೈದು, ಅದೇ ಮಡಿಕೆಯಲ್ಲಿ ಮತ್ತೆ ಮಡಿಸಿ ಟ್ರಂಕಿಗೆ ಹಾಕುತ್ತಿದ್ದಳು. ಮುಂದಿನ ಶುಕ್ರವಾರ ಮನೆಗೆ ಬಂದ ಮುತ್ತೈದೆಗೆ ಅದೇ ಸೊಳ್ಳೆಪರದೆಯನ್ನು ನಗುನಗುತ್ತಾ ಕೊಟ್ಟು ಕಳಿಸುತ್ತಿದ್ದಳು. ಅವರೂ ಮನೆಗೆ ಹೋಗಿ ಬೆಳಕಿಗೆ ಹಿಡಿದು ನಮ್ಮನ್ನು ಬೈದಿರುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಒಮ್ಮೆ ಅಮ್ಮ ಪರೀಕ್ಷೆ ಮಾಡೋಣವೆಂದು ಒಂದು ಗಿಣಿಹಸಿರು ಕಣದ ಮೂಲೆಯಲ್ಲಿ ನನ್ನ ಇಂಕ್ ಪೆನ್ನಿನಿಂದ ಸಣ್ಣ ಚುಕ್ಕೆ ಇಟ್ಟು ಊರ ಮೇಲೆ ಬಿಟ್ಟಳು. ಅದು ಬನಶಂಕರಿ, ಜೆ.ಪಿ. ನಗರ, ಉತ್ತರಹಳ್ಳಿ ಎಲ್ಲ ಸುತ್ತಾಡಿ, ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ನಮ್ಮ ಮನೆಗೇ ವಾಪಸ್ಸಾಯಿತು. ತಂದುಕೊಟ್ಟವರು ಅಮ್ಮನ ಸ್ವಂತ ಅತ್ತಿಗೆ. ಅಮ್ಮನಿಗೆ ಸಿಟ್ಟು ಬರಲಿಲ್ಲ, ತವರಿಗೆ ಬಂದ ಮಗಳನ್ನು ನೋಡಿದಷ್ಟು ಖುಷಿಯಾಯಿತು. ಮುಂದೆ ಕಾಲೇಜಿನಲ್ಲಿ ಮರುಬಳಕೆ, ಸುಸ್ಥಿರ ಅಭಿವೃದ್ಧಿ ಎಂಬ ದೊಡ್ಡ ಮಾತುಗಳನ್ನು ಕೇಳಿದಾಗ ನನಗೆ ಬೆರಗೇನೂ ಆಗಲಿಲ್ಲ. ಜಗತ್ತು ಒಂದು ಸಲ ಬಳಸಿದ್ದನ್ನು ಮತ್ತೆ ಬಳಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ ನಮ್ಮ ಬೀದಿಯ ಹೆಂಗಸರು ಒಂದು ಸಲವೂ ಬಳಸದೆಯೇ ಮರುಬಳಕೆ ಮಾಡುತ್ತಿದ್ದರು.

ಪ್ಲಾಸ್ಟಿಕ್ ಕವರು ಬಂದದ್ದು ಈ ವ್ಯವಸ್ಥೆಯ ಮಧ್ಯೆ. ತೊಂಬತ್ತರ ದಶಕದ ಮೊದಲಿಗೆ ತಾಂಬೂಲವನ್ನು ಸೆರಗಿನಲ್ಲೋ ಮನೆಯಿಂದ ತಂದ ಕೈಚೀಲದಲ್ಲೋ ಹಾಕಿಕೊಂಡು ಬರುತ್ತಿದ್ದವರು, ದಶಕ ಮುಗಿಯುವ ಹೊತ್ತಿಗೆ ಹೊಳೆಯುವ ಕವರಿಲ್ಲದೆ ಮದುವೆಯೇ ಅಲ್ಲ ಎನ್ನುವಂತಾದರು. ಕವರಿನ ಮೇಲೆ ಗಣಪತಿ, ಗಣಪತಿಯ ಕೆಳಗೆ ಹುಡುಗ ಹುಡುಗಿಯ ಹೆಸರು, ಅದರ ಕೆಳಗೆ ಛತ್ರದ ವಿಳಾಸ. ತೆಂಗಿನಕಾಯಿ ತೆಗೆದ ಮೇಲೆ ಕವರನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಕಾಗದವನ್ನಾದರೆ ರದ್ದಿಯವನು ಒಯ್ಯುತ್ತಿದ್ದ, ಅನ್ನ ಮಿಕ್ಕಿದರೆ ಹಸು ಬರುತ್ತಿತ್ತು. ಕವರನ್ನು ಹಸುವೇ ತಿನ್ನತೊಡಗಿದಾಗ ಎದುರು ಮನೆಯ ಆಂಟಿ ಹಸುವನ್ನು ಬೈದರು. ಅವರು ನಮ್ಮ ಬಡಾವಣೆಯ ಮಹಿಳಾ ಮಂಡಳಿಯ ಅಧ್ಯಕ್ಷೆ, ರಿಟೈರಾದ ಹೆಡ್ ಮಿಸ್. ಯಾರನ್ನು ಬೇಕಾದರೂ ಬೈಯುವ ಹಕ್ಕು ಅವರಿಗೆ ನೌಕರಿಯ ಜೊತೆ ಬಂದಿತ್ತು, ನಿವೃತ್ತಿಯ ಜೊತೆ ಹೋಗಿರಲಿಲ್ಲ.

ಒಂದು ವರ್ಷ ಮೇ ತಿಂಗಳ ಸಂಜೆ ಮಳೆ ಜೋರಾಗಿ ಹೊಡೆದು ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಿತು. ನೀರು ಅಧ್ಯಕ್ಷೆ ಆಂಟಿಯ ಪೋರ್ಟಿಕೋಗೆ ನುಗ್ಗಿತು. ಮಾರನೆಯ ಬೆಳಿಗ್ಗೆ ಕೆಲಸದವರು ಬಂದು ಚಪ್ಪಡಿ ಎತ್ತಿ ಕೊಕ್ಕೆ ಹಾಕಿ ಎಳೆದರೆ, ಒಳಗಿಂದ ಆ ಸಲದ ಲಗ್ನಕಾಲವೇ ಎದ್ದು ಬಂತು. ಹಳದಿ ಕವರು, ಕೆಂಪು ಕವರು, ಎಲ್ಲದರ ಮೇಲೂ ಗಣಪತಿ, ಎಲ್ಲದರ ಮೇಲೂ ಮದುಮಕ್ಕಳು. ಬೀದಿಯವರೆಲ್ಲ ಗೇಟಿನ ಬಳಿ ನಿಂತು ಯಾರ್ಯಾರ ಮದುವೆ ಬಂತೆಂದು ನೋಡುತ್ತಿದ್ದೆವು. ಅಕ್ಷರ ಕಂಡರೆ ಓದದೆ ಬಿಡದ ಕೆಟ್ಟ ಚಾಳಿ ನನ್ನದು. ಒಂದು ಕವರಿನ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿಬಿಟ್ಟೆ. ಅದು ಅಧ್ಯಕ್ಷೆ ಆಂಟಿಯ ಮಗಳ ಹೆಸರು.

ಆಂಟಿಯ ಮುಖ ಸುಣ್ಣ ಬಳಿದಂತಾಯಿತು. ಆಗಷ್ಟೇ ಮದುವೆಯಾದ ಮಗಳು, ಅಳಿಯನ ಹೆಸರಿನ ಸಮೇತ, ಕೆಸರು ಸುರಿಯುತ್ತ ಕೊಕ್ಕೆಗೆ ನೇತಾಡುತ್ತಿದ್ದಳು. ಅವರು ಅಲ್ಲೇ ಚಪ್ಪಲಿ ಬಿಟ್ಟು ದೇವಸ್ಥಾನದ ದಿಕ್ಕಿಗೆ ಕೈ ಮುಗಿದರು. ಪರಿಸರದ ಬಗ್ಗೆ ನಮ್ಮ ಬಡಾವಣೆಯಲ್ಲಿ ಜಾಗೃತಿ ಮೂಡಿದ್ದು ಹೀಗೆ. ಓಜೋನ್ ಪದರದಲ್ಲಿ ತೂತು ಬಿದ್ದರೆ ಬೀಳಲಿ ಎಂದಿದ್ದವರು, ಮಗಳ ಸೌಭಾಗ್ಯ ಚರಂಡಿಗೆ ಬಿದ್ದಾಗ ಎದ್ದು ನಿಂತರು.

ಆ ವಾರವೇ ಮಂಡಳಿಯ ಸಭೆ ನಮ್ಮ ಮನೆಯ ಹಾಲಿನಲ್ಲಿ ಸೇರಿತು. ಇನ್ನು ಮೇಲೆ ನಮ್ಮವರ ಯಾವ ಶುಭಕಾರ್ಯಕ್ಕೂ ಪ್ಲಾಸ್ಟಿಕ್ ಕವರು ಬೇಡ, ಬಟ್ಟೆಯ ಚೀಲ ಹೊಲಿಸೋಣ ಎಂದು ಅಧ್ಯಕ್ಷೆ ಆಂಟಿ ಹೇಳಿದರು. ಅಷ್ಟೊಂದು ಬಟ್ಟೆ ಎಲ್ಲಿಂದ ತರುವುದೆಂದು ಯಾರೋ ಕೇಳಿದರು. ಪ್ರತಿಯೊಬ್ಬರ ಮನಸ್ಸಿನಲ್ಲೂ ಅವರವರ ಟ್ರಂಕು ಬಾಯಿ ತೆರೆದಿದ್ದು ನನಗೆ ಕಾಣುತ್ತಿತ್ತು. ಅಮ್ಮನೇ ಮೊದಲು ಒಳಗೆ ಹೋಗಿ ಒಂದು ತೋಳಿನ ತುಂಬ ಕಣಗಳನ್ನು ತಂದು ಹಾಕಿದಳು. ಮರುದಿನ ಸಂಜೆಯ ಹೊತ್ತಿಗೆ ನಮ್ಮ ಹಾಲಿನಲ್ಲಿ ನಾನು ಹಿಂದೆ ಕುಳಿತರೆ ಕಾಣಿಸದಷ್ಟು ಎತ್ತರದ ಕಣಗಳ ರಾಶಿ ಬಿದ್ದಿತ್ತು. ಹೊಲಿಯುವವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ತಿಪಟೂರಿನಲ್ಲಿದ್ದವಳು. ಚಿಕ್ಕಪ್ಪ ತೀರಿಕೊಂಡಾಗ ಅವಳಿಗೆ ಇನ್ನೂ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ, ಮಕ್ಕಳೂ ಇರಲಿಲ್ಲ. ಒಂದು ಟ್ರಂಕು ಮತ್ತು ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಇಷ್ಟನ್ನೇ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ಅಪ್ಪ ಕಡಿಮೆ ಮಾತಿನವನು. ಬಾಗಿಲಲ್ಲೇ ನಿಂತು, ಇದು ನಿನ್ನ ಮನೆಯೇ ಎಂದುಕೋ ಎಂದು ಹೇಳಿ ಆಫೀಸಿಗೆ ಹೋದ. ಆ ಮಾತನ್ನು ಅವನು ನಿಜವಾಗಿಯೇ ಹೇಳಿದ್ದ, ಆದರೆ ಚಿಕ್ಕಮ್ಮನಿಗೆ ಅದನ್ನು ನಂಬಲು ಆಗಲೇ ಇಲ್ಲ. ಬೆಳಿಗ್ಗೆ ಎಲ್ಲರಿಗೂ ಕಾಫಿ ಬೆರೆಸಿ ಕೊಟ್ಟು, ಫಿಲ್ಟರಿಗೆ ಮತ್ತೆ ನೀರು ಹಾಕಿ, ಆ ಎರಡನೇ ಡಿಕಾಕ್ಷನ್ನಿನಲ್ಲಿ ತನಗೆ ಅರ್ಧ ಲೋಟ ಮಾಡಿಕೊಳ್ಳುತ್ತಿದ್ದಳು. ನನಗೆ ಹೀಗೇ ರುಚಿ ಎನ್ನುತ್ತಿದ್ದಳು. ಬಿಸಿನೀರಿಗೆ ಬಣ್ಣ ಹಚ್ಚಿದಂತಿದ್ದ ಆ ಕಾಫಿ ಯಾರಿಗೂ ರುಚಿಯಾಗಲು ಸಾಧ್ಯವಿರಲಿಲ್ಲ.

ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರೆ ಚಿಕ್ಕಮ್ಮ ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಬರಬೇಡವೆಂದು ಯಾರೂ ಹೇಳಿದವರಲ್ಲ. ತಟ್ಟೆಗಳಿಗೆ ಎಲೆ ಅಡಿಕೆ ಜೋಡಿಸಿ ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಅವಳು ಜೋಡಿಸಿದ ತಟ್ಟೆ ಹಾಲಿಗೆ ಹೋಗಬಹುದು, ಅವಳು ಹೋಗುವಂತಿಲ್ಲ. ಈ ಲೆಕ್ಕ ನನಗೆ ಆಗಲೂ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯುವುದಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಚೀಲದ ಕೆಲಸ ಬಂದಾಗ ಚಿಕ್ಕಮ್ಮನ ಮಿಷನ್ನು ಹಿತ್ತಿಲ ಕೋಣೆಯ ಮೂಲೆಯಿಂದ ಕಿಟಕಿಯ ಬಳಿಗೆ ಬಂತು. ಹೊಲಿಗೆಯ ಕೂಲಿ ಅವಳಿಗೇ ಎಂದು ಮಂಡಳಿ ಗೊತ್ತುಮಾಡಿತ್ತು. ಮೊದಲ ಗಿರಾಕಿ ಒಂಬತ್ತನೇ ಬ್ಲಾಕಿನಿಂದ ಬಂದ ಒಬ್ಬ ಹೆಂಗಸು, ಮಗಳ ಮದುವೆ ಗೊತ್ತಾಗಿತ್ತು. ಮಾದರಿಗೆಂದು ಹೊಲಿದಿಟ್ಟಿದ್ದ ಚೀಲಗಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ತುಂಬ ಅಚ್ಚುಕಟ್ಟಾಗಿದೆ, ಹೊಲಿದವರು ಯಾರು ಎಂದು ಸಹಜವಾಗಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷೆ ಆಂಟಿ ಅಮ್ಮನ ಕಡೆ ಕೈ ತೋರಿಸಿ, ಇವರೇ ಎಂದುಬಿಟ್ಟರು. ಅಮ್ಮ ಹಾವು ಕಂಡವಳ ಹಾಗೆ ನೋಡಿದಳು. ಅಪ್ಪನ ಅಂಗಿಯ ಗುಂಡಿ ಬಿದ್ದರೆ ಸೇಫ್ಟಿ ಪಿನ್ನು ಹಾಕಿ ಕಳಿಸುತ್ತಿದ್ದವಳು ನಮ್ಮಮ್ಮ.

ಗಿರಾಕಿ ಹೋದ ಮೇಲೆ ಅಧ್ಯಕ್ಷೆ ಆಂಟಿ ತಗ್ಗಿದ ದನಿಯಲ್ಲಿ ಹೇಳಿದರು: "ನನಗೇನೂ ಇಲ್ಲಮ್ಮ, ನಾನು ಅದನ್ನೆಲ್ಲ ನೋಡೋಳಲ್ಲ. ಆದ್ರೆ ಮದುವೆ ವಿಷ್ಯ. ನಾಳೆ ಬೀಗರು ಏನಾದ್ರೂ ಅಂದ್ರೆ?"

ಈ ಬೀಗರನ್ನು ನಾನು ಆಮೇಲೆ ಬಹಳ ಹುಡುಕಿದ್ದೇನೆ. ಹೆಣ್ಣಿನ ಕಡೆಯವರನ್ನು ಕೇಳಿದರೆ ನಮಗೇನೂ ಇಲ್ಲ, ಗಂಡಿನ ಕಡೆಯವರು ಹೇಗೋ ಏನೋ ಎನ್ನುತ್ತಿದ್ದರು. ಗಂಡಿನ ಕಡೆಯವರನ್ನು ಕೇಳಿದರೆ ನಾವು ತುಂಬ ಫಾರ್ವರ್ಡು, ಹೆಣ್ಣಿನ ಮನೆಯಲ್ಲಿ ಒಬ್ಬ ಅಜ್ಜಿ ಇದಾರೆ ಎನ್ನುತ್ತಿದ್ದರು. ಆ ಅಜ್ಜಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಇಡೀ ದಕ್ಷಿಣ ಬೆಂಗಳೂರಿನಲ್ಲಿ ಯಾರೂ ಆಕ್ಷೇಪಣೆ ಮಾಡಿರಲಿಲ್ಲ, ಎಲ್ಲರೂ ಇನ್ನೊಬ್ಬರ ಆಕ್ಷೇಪಣೆಗೆ ಹೆದರಿ ಕೂತಿದ್ದರು.

ನಾನು ಅಡುಗೆಮನೆಗೆ ಹೋಗಿ ಸಿಟ್ಟಿನಿಂದ ಕುಣಿದಾಡಿದೆ. ನಿನ್ನ ಕೆಲಸಕ್ಕೆ ಅಮ್ಮನ ಹೆಸರೇಕೆ, ನೀನು ಒಪ್ಪಬೇಡ ಎಂದೆ. ಚಿಕ್ಕಮ್ಮ ಹುಳಿಗೆ ತೊಂಡೆಕಾಯಿ ಹೆಚ್ಚುತ್ತಿದ್ದಳು, ತಲೆಯೆತ್ತಲಿಲ್ಲ.

"ಹೆಸರು ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ನಂಗೆ ಕೆಲಸ ನಿಲ್ಲಬಾರದು, ಅಷ್ಟೇ. ಯಾರ್ನೂ ಕೇಳದೆ ನಾನು ಒಂದು ಸೀರೆ ತಗೋಬೇಕು. ನೀನು ಮಧ್ಯೆ ಬಾಯಿ ಹಾಕಿ ಕೆಡಿಸಬೇಡ."

ಅವಳು ಹಾಗೆ ನೇರವಾಗಿ ತನಗೆ ಏನು ಬೇಕೆಂದು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಾಯಿ ಮುಚ್ಚಿಕೊಂಡೆ. ನನ್ನಂಥವಳಿಗೆ ಅದು ಸಣ್ಣ ತಪಸ್ಸೇನಲ್ಲ.

ಮೊದಲ ಮದುವೆಯ ಚೀಲಗಳು ಊರಿಡೀ ಓಡಾಡಿದವು. ತಾಂಬೂಲ ತೆಗೆದ ಮೇಲೆ ಅದನ್ನು ಎಸೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಆ ಚೀಲಗಳಿಂದ ನುಗ್ಗೆಕಾಯಿ ಇಣುಕುತ್ತಿತ್ತು, ಮಡಿವಾಳದ ಸಂತೆಯಲ್ಲಿ ಕೊತ್ತಂಬರಿ ಸೊಪ್ಪು. ಗೃಹಪ್ರವೇಶ, ಸೀಮಂತ, ಉಪನಯನ ಎಂದು ಆರ್ಡರುಗಳು ಬಂದವು. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ ಧಾರವಾಡದ ಕಡೆಯ ಹೆಂಗಸೊಬ್ಬರು, ಗಂಡನ ಡಬ್ಬಿಯ ರೊಟ್ಟಿಗೆಂದು ಎರಡು ಚೀಲ ಒಯ್ದವರು, ಮುಂದೆ ತಂಗಿಯ ಮದುವೆಗೆಂದು ಊರಿಗೆ ಒಂದು ಗಂಟು ಕಟ್ಟಿಸಿಕೊಂಡು ಹೋದರು. ಬಟ್ಟೆಯ ಬರವಂತೂ ಇರಲಿಲ್ಲ. ಸುದ್ದಿ ಹರಡಿದಂತೆ ಎಲ್ಲೆಲ್ಲಿಂದಲೋ ಕಣಗಳು ಬರತೊಡಗಿದವು, ಆಮೇಲೆ ಅಂಚು ಹರಿದ ಸೀರೆಗಳು, ಹಳೆಯ ಪರದೆಗಳು. ಕತ್ತರಿಸಿ ಮಿಕ್ಕ ಚೂರುಗಳನ್ನು ಚಿಕ್ಕಮ್ಮ ನಾಲ್ಕು ಪದರ ಸೇರಿಸಿ ಹೊಲಿದು, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿದಳು. ಅದಕ್ಕೂ ಆಗದ ಚಿಂದಿ ದಿಂಬಿನ ಹೊಟ್ಟೆಗೆ ಹೋಯಿತು. ನಮ್ಮ ಮನೆಯ ಕಸದ ಬುಟ್ಟಿಗೆ ದಾರದ ತುಂಡು ಬಿಟ್ಟರೆ ಬೇರೇನೂ ಬೀಳುತ್ತಿರಲಿಲ್ಲ.

ಒಂದು ಗಂಡಾಂತರ ಬಂದದ್ದು ಜೆ.ಪಿ. ನಗರದ ಸೀಮಂತದಲ್ಲಿ. ತಾಂಬೂಲ ತೆಗೆದುಕೊಂಡ ಹೆಂಗಸೊಬ್ಬರು ಚೀಲವನ್ನು ನೋಡುತ್ತಲೇ ಕೆಂಪಾದರು. ಅದು ಅವರು ಗೌರಿ ಬಾಗಿನದಲ್ಲಿ ತಮ್ಮ ಓರಗಿತ್ತಿಗೆ ಕೊಟ್ಟ ಕಣವಂತೆ, ಅವಳು ಅದನ್ನು ಚೀಲಕ್ಕೆ ದಾನ ಮಾಡಿ ತಮ್ಮ ಮಾನ ಕಳೆದಳಂತೆ. ಓರಗಿತ್ತಿಯೂ ಅಲ್ಲೇ ಇದ್ದಳು. ನೀವು ಕೊಟ್ಟದ್ದು ಚೀಲಕ್ಕಾದರೂ ಆಯಿತಲ್ಲ, ರವಿಕೆಗಂತೂ ಆಗುತ್ತಿರಲಿಲ್ಲ ಎಂದು ಅವಳೂ ಬಿಡಲಿಲ್ಲ. ಮಡಿಲು ತುಂಬಿಸಿಕೊಳ್ಳಬೇಕಾದ ಬಸುರಿ ಹುಡುಗಿ ಹಸೆಯ ಮೇಲೆ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಈ ವರದಿ ಬಂದ ದಿನ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ಪ್ರತಿ ಕಣವನ್ನೂ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣಗಳನ್ನು ಸೇರಿಸಿ ಹೊಲಿಯತೊಡಗಿದಳು. ನೇರಳೆಯ ಪಕ್ಕ ಸಾಸಿವೆ ಹಳದಿ, ಗಿಣಿಹಸಿರಿನ ಪಕ್ಕ ಕುಂಕುಮದ ಬಣ್ಣ. ಯಾರ ಕಣ ಯಾವ ಚೀಲದಲ್ಲಿದೆಯೋ ಬ್ರಹ್ಮನಿಗೂ ತಿಳಿಯದ ಹಾಗಾಯಿತು. ಜಗಳಕ್ಕೆ ಹೆದರಿ ಮಾಡಿದ್ದು ಜನಕ್ಕೆ ಡಿಸೈನಾಗಿ ಕಂಡಿತು, ಆರ್ಡರು ಇಮ್ಮಡಿಯಾಯಿತು. ಚಿಕ್ಕಮ್ಮ ಮೊದಲನೇ ಡಿಕಾಕ್ಷನ್ನಿನಲ್ಲಿ ಲೋಟದ ತುಂಬ ಕಾಫಿ ಕುಡಿಯತೊಡಗಿದ್ದೂ ಆಗಲೇ.

ಇತ್ತ ಅಮ್ಮನ ಕೀರ್ತಿ ಬೆಳೆಯಿತು. ಯಾವುದೋ ಸಂಘದವರು ಕರೆದು ಶಾಲು ಹೊದಿಸಿದರು. ಪರಿಸರ ಉಳಿಸಿದ್ದಕ್ಕೆಂದು ಕೊಟ್ಟ ಹಣ್ಣಿನ ಬುಟ್ಟಿಗೆ ಮೇಲಿಂದ ಕೆಳಗಿನವರೆಗೆ ಪ್ಲಾಸ್ಟಿಕ್ ಸುತ್ತಿತ್ತು. ಮೊದಮೊದಲು ಅಮ್ಮ ಹೊಗಳಿಕೆ ಕೇಳಿದರೆ ಸಂಕೋಚದಿಂದ ಕುಗ್ಗುತ್ತಿದ್ದಳು. ಆಮೇಲಾಮೇಲೆ ಅಭ್ಯಾಸವಾಯಿತು. ಒಂದು ದಿನ ನಮ್ಮ ಗೇಟಿನೆದುರು ತರಕಾರಿ ಗಾಡಿಯ ಮುಂದೆ ನಿಂತು, ನಾನು ಹಿಡಿಕೆಗೆ ಯಾವತ್ತೂ ಎರಡು ಹೊಲಿಗೆ ಹಾಕುತ್ತೇನೆ ಎಂದು ಪಕ್ಕದವರಿಗೆ ವಿವರಿಸುತ್ತಿದ್ದಳು. ವರಾಂಡದಲ್ಲಿ ಕೂತಿದ್ದ ಅಪ್ಪ ಪೇಪರಿನ ಹಿಂದಿನಿಂದ, ನನ್ನ ಅಂಗಿಗೂ ಒಂದು ಹಾಕಿಕೊಡು ಎಂದದ್ದಕ್ಕೆ ಆ ದಿನ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ.

ಚಿಕ್ಕಮ್ಮನಿಗೆ ಇದರಿಂದ ಬೇಸರವಿದ್ದಂತೆ ಕಾಣಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಬೆಳೆಯುತ್ತಿತ್ತು. ಬನಶಂಕರಿ ಕಡೆ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಮಳಿಗೆ ಖಾಲಿ ಇತ್ತು. ಮಿಷನ್ನು ಹಾಕಿ, ಎದುರಿಗೆ ಚೀಲ ತೂಗುಬಿಟ್ಟು ಕೂತರೆ ಹೇಗಿರುತ್ತದೆ ಎಂದು ಅವಳು ನನ್ನನ್ನು ಮಾತ್ರ ಕರೆದುಕೊಂಡು ಹೋಗಿ ತೋರಿಸಿದ್ದಳು. ಮುಂದಿನ ಲಗ್ನಕಾಲದ ಆರ್ಡರುಗಳು ಕೈಗೆ ಬಂದರೆ ಅದನ್ನು ಬಾಡಿಗೆಗೆ ಹಿಡಿಯಬಹುದಿತ್ತು. ಅಲ್ಲಿಯವರೆಗೆ ಯಾವ ಗಾಳಿಯೂ ಬೀಸಬಾರದು, ಅಷ್ಟೇ ಅವಳ ಪ್ರಾರ್ಥನೆ.

ಗಾಳಿ ಬೀಸಿದ್ದು ಮಂಡಳಿಯ ವಾರ್ಷಿಕೋತ್ಸವದ ರೂಪದಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ಎಲ್ಲ ಸಭೆಗಳಲ್ಲೂ ಪರಿಸರದ ಭಾಷಣವಿಲ್ಲದಿದ್ದರೆ ಆಗದು ಎನ್ನುವ ಕಾಲ. ಅಧ್ಯಕ್ಷೆ ಆಂಟಿ ಅರ್ಥಶಾಸ್ತ್ರದ ಮೇಷ್ಟರೊಬ್ಬರನ್ನು ಹಸಿರು ಆರ್ಥಿಕತೆಯ ಬಗ್ಗೆ ಮಾತಾಡಲು ಕರೆದರು. ಆ ಮೇಷ್ಟರು ಉತ್ಸಾಹಿ. ಬರೀ ಮಾತು ಬೇಡ, ನಿಮ್ಮಲ್ಲೇ ಇಷ್ಟು ಒಳ್ಳೆಯ ಉದಾಹರಣೆ ಇರುವಾಗ ಅವರು ವೇದಿಕೆಯ ಮೇಲೆಯೇ ಒಂದು ಚೀಲ ಹೊಲಿದು ತೋರಿಸಲಿ ಎಂದರು. ಅಧ್ಯಕ್ಷೆ ಆಂಟಿ ಆ ಗಳಿಗೆಯ ಹುಮ್ಮಸ್ಸಿನಲ್ಲಿ ಅದಕ್ಕೇನಂತೆ ಎಂದು ಒಪ್ಪಿಕೊಂಡರು. ನಿಜವಾಗಿ ಹೊಲಿಯುವವರು ಯಾರು ಎಂಬುದು ನೆನಪಾದದ್ದು ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ.

ಅಮ್ಮನಿಗೆ ಜ್ವರ ಬಂದಂತಾಯಿತು. ಅಡುಗೆ ಮುಗಿದ ಮೇಲೆ ಹಿತ್ತಿಲ ಕೋಣೆಯಲ್ಲಿ ತಂಗಿಯ ಹತ್ತಿರ ಪಾಠ ಶುರುವಾಯಿತು. ಮಿಷನ್ನಿನ ಚಕ್ರ ಒಂದೇ ದಿಕ್ಕಿಗೆ ತಿರುಗಬೇಕು, ಹಿಂದಕ್ಕೆ ತಿರುಗಿದರೆ ದಾರ ಸುತ್ತಿಕೊಂಡು ತುಂಡಾಗುತ್ತದೆ. ಅಮ್ಮನ ಕಾಲಿಗೆ ಹಿಂದಿನ ದಿಕ್ಕೇ ಪ್ರಿಯ. ಚಿಕ್ಕಮ್ಮ ನೆಲದ ಮೇಲೆ ಕೂತು ಅಮ್ಮನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ತುಳಿಸುತ್ತಿದ್ದಳು. ಅಕ್ಕನಿಗೆ ಮಗುವಿನ ಹಾಗೆ ಹೇಳಿಕೊಡುತ್ತಿದ್ದ ಅವಳನ್ನು ನೋಡಿ ನಾನು ಮೊದಲು ನಕ್ಕೆ, ಆಮೇಲೆ ಸಂಕಟವಾಯಿತು. ತನ್ನ ವಿದ್ಯೆಯನ್ನು ತನ್ನದಲ್ಲ ಎನಿಸಲು ಅವಳು ಅಷ್ಟೊಂದು ಬೆವರುತ್ತಿದ್ದಳು.

"ಅಕ್ಕ, ಎರಡೇ ಎರಡು ನೆಟ್ಟಗಿನ ಹೊಲಿಗೆ ಸಾಕು. ಮಿಕ್ಕಿದ್ದು ನಾನು ಹೊಲಿದಿಟ್ಟಿರ್ತೀನಿ. ಅವತ್ತು ಒಂದಿನ ದಾಟಿಸಿಬಿಡು."

ಕಾರ್ಯಕ್ರಮ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ. ಮಿಷನ್ನನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋದೆವು. ದಾರಿಯಲ್ಲಿ ಏನಾದರೂ ಸಡಿಲವಾದರೆ ಸರಿಮಾಡಲು ಚಿಕ್ಕಮ್ಮನೂ ಬಂದಳು. ಮಿಷನ್ನನ್ನು ವೇದಿಕೆಯ ಮೇಲಿಟ್ಟು, ದಾರ ಪೋಣಿಸಿ, ಬೆಲ್ಟು ನೋಡಿ, ಅವಳು ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಕೂತಳು. ಮುಂದಿನ ಸಾಲುಗಳಲ್ಲಿ ಇದುವರೆಗೆ ಚೀಲ ಕೊಂಡವರೆಲ್ಲ ಇದ್ದರು. ಒಂಬತ್ತನೇ ಬ್ಲಾಕಿನ ಮೊದಲ ಗಿರಾಕಿ ಇದ್ದರು, ಧಾರವಾಡದವರು ಗಂಡನ ಸಮೇತ ಬಂದಿದ್ದರು.

ಮೇಷ್ಟರು ಚೆನ್ನಾಗಿಯೇ ಮಾತಾಡಿದರು, ಸ್ವಲ್ಪ ಉದ್ದವಾಯಿತು. ಇರುವ ವಸ್ತುವನ್ನು ಹಾಳು ಮಾಡದೆ ಸುತ್ತಿಸಬೇಕು, ಆ ಸುತ್ತಿನಲ್ಲಿ ಹತ್ತಿರದವರಿಗೇ ಕೆಲಸ ಸಿಗಬೇಕು, ಅದರ ಕಸವನ್ನು ಮುಂದಿನವರ ತಲೆಗೆ ಕಟ್ಟಬಾರದು ಎಂಬುದು ಅವರು ಹೇಳಿದ್ದರ ಸಾರ. ಹೆಂಗಸರು ತಲೆದೂಗಿದರು. ಕೆಲಸ ಮಾಡಿದವರಿಗೆ ಅದರ ಫಲ, ಅದರ ಗೌರವ ಎರಡೂ ಸಿಗಬೇಕು, ಆಗಲೇ ಅದು ನಿಜವಾದ ಅಭಿವೃದ್ಧಿ ಎಂದೂ ಒಂದು ಮಾತು ಸೇರಿಸಿದರು. ಅದು ಅವರ ಟಿಪ್ಪಣಿಯಲ್ಲಿ ಬರೆದಿದ್ದ ಮಾತು, ಓದಿ ಹಾಳೆ ತಿರುವಿದರು. ವೇದಿಕೆಯ ಮೇಲಿದ್ದ ಅಮ್ಮ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಆಮೇಲೆ ಅಮ್ಮನನ್ನು ಕರೆದರು. ಅವಳು ಕೂತು ಬಟ್ಟೆ ಇಟ್ಟಳು, ತುಳಿದಳು. ಚಕ್ರ ಹಿಂದಕ್ಕೆ ತಿರುಗಿತು, ದಾರ ಫಟ್ಟೆಂದಿತು. ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ಆಂಟಿ ಎದ್ದು, ಇವರಿಗೆ ಇಷ್ಟು ಜನರ ಮುಂದೆ ಅಭ್ಯಾಸವಿಲ್ಲ ಎಂದು ನಗಲು ನೋಡಿದರು. ಅಮ್ಮ ದಾರ ಪೋಣಿಸಲು ಸೂಜಿಯ ಮೇಲೆ ಬಾಗಿದಳು. ಬಾಗಿದವಳು ಬಹಳ ಹೊತ್ತು ಹಾಗೇ ಇದ್ದಳು. ಅವಳ ಕಣ್ಣಿಗೆ ಸೂಜಿಯ ತೂತು ಕಾಣುತ್ತಿಲ್ಲವೆಂದು ನಾನು ಅಂದುಕೊಂಡೆ. ಅವಳು ಅಳುತ್ತಿದ್ದಳು. ಅಲ್ಲಿಂದ ಎದ್ದು ಮೈಕಿನ ಹತ್ತಿರ ಬಂದಳು.

"ಇದು ನನ್ನ ಕೈಲಿ ಆಗಲ್ಲ, ಯಾವತ್ತೂ ಆಗಿಲ್ಲ. ಒಂದೊಂದು ಚೀಲಾನೂ ಹೊಲಿದಿದ್ದು ನನ್ನ ತಂಗಿ. ಗಂಡ ಇಲ್ಲದೋಳು ಹೊಲಿದಿದ್ದು ಅಂದ್ರೆ ಯಾರೂ ತಗೊಳಲ್ಲ ಅಂತ ನಾವೆಲ್ಲ ಸೇರಿ ಮುಚ್ಚಿಟ್ವಿ. ಅಗೋ, ಹಿಂದೆ ಕೂತಿದಾಳೆ."

ಎಲ್ಲ ಕುತ್ತಿಗೆಗಳೂ ಹಿಂದಕ್ಕೆ ತಿರುಗಿದವು. ನನಗೆ ಅಮ್ಮನ ಮೇಲೆ ಹೆಮ್ಮೆಯೂ ಬಂತು, ಕೆಂಡದಂಥ ಕೋಪವೂ ಬಂತು. ಬನಶಂಕರಿಯ ಮಳಿಗೆ ನನ್ನ ಕಣ್ಣ ಮುಂದೆಯೇ ಬಾಗಿಲು ಹಾಕಿಕೊಂಡಿತು. ಮುಂದೆ ಇಬ್ಬರು ಬೀಗರ ಹೆಸರು ಹೇಳಿ ಆರ್ಡರು ವಾಪಸ್ ತೆಗೆದುಕೊಂಡದ್ದೂ ಹೌದು, ಆದರೂ ಮಳಿಗೆ ತೆರೆದು ಚಿಕ್ಕಮ್ಮ ಬಹಳ ವರ್ಷ ಅದನ್ನು ನಡೆಸಿದ್ದೂ ಹೌದು. ಆ ಗಳಿಗೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಮ್ಮ ಎದ್ದು ನಿಂತಳು. ಬಾಗಿಲು ಪಕ್ಕದಲ್ಲೇ ಇತ್ತು, ಹೊರಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, ಮುಂದಿನ ಸಾಲುಗಳ ಕಡೆ ನೋಡಿ, ನಿಧಾನವಾಗಿ ಕೇಳಿದಳು:

"ನನ್ನ ಚೀಲ ಬಂದ ಮದುವೆಗಳಲ್ಲಿ... ಆ ಮಕ್ಕಳೆಲ್ಲ ಚೆನ್ನಾಗಿದಾರಾ?"

ಯಾರಿಗೂ ಮೊದಲು ಅರ್ಥವಾಗಲಿಲ್ಲ. ನನಗೆ ಅರ್ಥವಾದದ್ದು ಒಂದು ಗಳಿಗೆಯ ಮೇಲೆ. ಊರು ಏನನ್ನುತ್ತದೋ ಎಂದು ನಾವೆಲ್ಲ ಹೆದರಿದ್ದೆವು. ಅವಳು ಹೆದರಿದ್ದು ತನ್ನ ಕೈಗೆ. ಪ್ರತಿ ಚೀಲ ಹೊಲಿಯುವಾಗಲೂ, ಇದು ಹೋದ ಮನೆಯಲ್ಲಿ ನನ್ನಿಂದ ಏನಾದರೂ ಕೆಡುಕಾದರೆ ಎಂದು ಅಂಜುತ್ತ, ಆ ಅಂಜಿಕೆಯನ್ನು ನುಂಗಿಕೊಂಡು ನೆಟ್ಟಗಿನ ಹೊಲಿಗೆ ಹಾಕಿದ್ದಳು. ನಮ್ಮ ಮನೆಯಲ್ಲಿಯೇ, ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವಳು. ಒಂದು ದಿನವೂ ಹೇಳಿರಲಿಲ್ಲ.

ಮೊದಲು ಎದ್ದವರು ಒಂಬತ್ತನೇ ಬ್ಲಾಕಿನವರು.

"ನನ್ನ ಮಗಳು ಬಾಣಂತನಕ್ಕೆ ಬಂದಿದಾಳೆ ಕಣಮ್ಮ. ಹೆಣ್ಣು ಮಗು. ಇಬ್ರೂ ಮನೇಲಿ ಮಲಗಿದಾರೆ, ಚೆನ್ನಾಗಿದಾರೆ."

"ನಮ್ಮ ತಂಗಿ ಆರಾಮ ಅದಾಳ್ರೀ ಅಕ್ಕಾರ," ಎಂದರು ಧಾರವಾಡದವರು, ಕೂತಲ್ಲಿಂದಲೇ. "ಮೊನ್ನೀನಽ ಫೋನ್ ಮಾಡಿದ್ಲು."

ಇನ್ನೊಂದು ಕಡೆಯಿಂದ ನನ್ನ ಮಗ ಸೊಸೆ ಮೈಸೂರಿನಲ್ಲಿ ಸುಖವಾಗಿದ್ದಾರೆ ಎಂಬ ದನಿ ಬಂತು. ಮೂರನೇ ಸಾಲಿನ ದಪ್ಪ ಹೆಂಗಸೊಬ್ಬರು, ನನ್ನ ಸೊಸೆ ತುಂಬ ಚೆನ್ನಾಗಿದಾಳೆ, ನಾನೇ ಚೆನ್ನಾಗಿಲ್ಲ, ನನ್ನನ್ನೂ ಒಂದು ಮಾತು ಕೇಳಿ ಎಂದಾಗ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಚಿಕ್ಕಮ್ಮನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆದರೆ ಕೂರಲಿಲ್ಲ. ಹೇಳಬೇಕಾದವರೆಲ್ಲ ಹೇಳಿ ಮುಗಿಸುವವರೆಗೆ ಆ ಕುರ್ಚಿಯ ಬೆನ್ನು ಹಿಡಿದು ನಿಂತು, ಒಂದೊಂದು ಉತ್ತರಕ್ಕೂ ಹೂಂ, ಹೂಂ ಎನ್ನುತ್ತಿದ್ದಳು.

ಆಮೇಲೆ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದುಕೊಂಡು ಬಂದು ವೇದಿಕೆ ಹತ್ತಿದಳು. ಅಮ್ಮ ಮೈಕು ಬಿಟ್ಟು ಮತ್ತೆ ಮಿಷನ್ನಿನ ಮುಂದೆ ಕುಸಿದು ಕೂತಿದ್ದಳು. ಚಿಕ್ಕಮ್ಮ ಅವಳ ತೋಳು ಹಿಡಿದು ಎಬ್ಬಿಸಿದಳು.

"ಏಳಕ್ಕ," ಎಂದಳು. "ನಾನು ಹೊಲೀತೀನಿ."